ಅಮ್ಮನ ಹಳೆಯ ದಮ್ಮು

ಕಳೆದ ಚಳಿಗಾಲದಲ್ಲಿ ಅಮ್ಮನಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದರು: "ಬೀಡಿ, ಸಿಗರೇಟಿನ ಅಭ್ಯಾಸ ಇದೆಯೇ?"

"ಇಲ್ಲ ಸಾರ್."

"ಬೇರೆ ಕಾಯಿಲೆ?"

"ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ."

ನಾನು ಸುಳ್ಳು ಹೇಳಲಿಲ್ಲ. ಆದರೆ ಅಮ್ಮ ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿದವರು, ಗೂಡು ಬೇಯುವ ಹಬೆಯಲ್ಲಿ, ಸೌದೆಯ ಹೊಗೆಯಲ್ಲಿ ಚರಕದ ಮುಂದೆ ಕುಳಿತವರು, ಸಂಜೆ ಮನೆಗೆ ಬಂದು ಮತ್ತೆ ಒಲೆ ಊದಿದವರು ಎಂದು ಹೇಳಲಿಲ್ಲ. ಬೆಳಗಾದರೆ ಕೆಮ್ಮಿ ಕಫ ಉಗುಳುವುದು, ನಾಲ್ಕು ಮೆಟ್ಟಿಲಿಗೇ ದಮ್ಮು ಕಟ್ಟುವುದು ನಮ್ಮ ಮನೆಯಲ್ಲಿ ಕಾಯಿಲೆಯ ಲೆಕ್ಕಕ್ಕೇ ಇರಲಿಲ್ಲ. ಅದು ಅಮ್ಮನ ಸ್ವಭಾವವೇ ಎಂಬಂತೆ ಇದ್ದೆವು. ಅದಕ್ಕೆ ಸಿಒಪಿಡಿ ಎಂಬ ಹೆಸರಿದೆ, ಅದು ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಎಂದು ತಿಳಿದದ್ದು ಮೂರನೆಯ ದಿನ.

ನ್ಯುಮೋನಿಯಾದಲ್ಲಿ ಶ್ವಾಸಕೋಶದ ಗಾಳಿಚೀಲಗಳಿಗೆ ಕೀವು, ನೀರು ತುಂಬಿಕೊಳ್ಳುತ್ತದೆ. ಆರೋಗ್ಯವಾಗಿದ್ದ ಎದೆ ಉಳಿದ ಭಾಗದಿಂದ ಹೇಗೋ ಸರಿದೂಗಿಸುತ್ತದೆ. ಸಿಒಪಿಡಿ ಇರುವವರಲ್ಲಿ ಶ್ವಾಸನಾಳಗಳು ಮೊದಲೇ ಕಿರಿದಾಗಿರುತ್ತವೆ, ಕಫ ಸಲೀಸಾಗಿ ಹೊರಬರುವುದಿಲ್ಲ, ಗಾಳಿಚೀಲಗಳೂ ಸವೆದಿರುತ್ತವೆ. ಸರಿದೂಗಿಸಲು ಅಲ್ಲಿ ಉಳಿತಾಯವೇ ಇರುವುದಿಲ್ಲ.

ಆಶ್ಚರ್ಯವೆಂದರೆ, ನ್ಯುಮೋನಿಯಾ ಎಷ್ಟು ತೀವ್ರ ಎಂದು ಅಳೆಯಲು ವೈದ್ಯರು ಬಳಸುವ ಕರ್ಬ್-65 ಎಂಬ ಅಂಕಪಟ್ಟಿಯಲ್ಲಿ ಈ ಹಳೆಯ ಕಾಯಿಲೆಗೆ ಜಾಗವಿಲ್ಲ. ಗೊಂದಲ, ರಕ್ತದ ಯೂರಿಯಾ, ಉಸಿರಾಟದ ವೇಗ, ರಕ್ತದೊತ್ತಡ, 65ರ ವಯಸ್ಸು, ಈ ಐದೇ. ಅಮ್ಮನಿಗೆ 62. ಉಸಿರು ನಿಮಿಷಕ್ಕೆ 28, ಅಂಕ ಸಿಗುವುದು 30 ಮುಟ್ಟಿದರೆ. ಹಾಗಾಗಿ ಕಾಗದದ ಮೇಲೆ ಅಮ್ಮ ಅಂಥ ಗಂಭೀರ ರೋಗಿಯಲ್ಲ. ಅಂಕಪಟ್ಟಿಯನ್ನು ನಾನು ದೂರುವುದಿಲ್ಲ. ಅದು ಕೇಳದೇ ಇರುವುದನ್ನು ಮನೆಯವರೇ ಹೇಳಬೇಕಿತ್ತು.

ಆ ರಾತ್ರಿ ಇನ್ನೊಂದು ಘಟನೆ ನಡೆಯಿತು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ರಕ್ತದ ಆಮ್ಲಜನಕ ಶೇಕಡಾ 89 ಎಂದು ತೋರಿಸುತ್ತಿತ್ತು. ನಾನು ಹೆದರಿ ನರ್ಸ್ ಬಳಿ ಹೋಗಿ "ಸಿಸ್ಟರ್, ಆಮ್ಲಜನಕ ಇನ್ನೂ ಜಾಸ್ತಿ ಕೊಡಿ" ಎಂದು ಬೇಡಿಕೊಂಡೆ. 99 ಆಯಿತು, ನನಗೆ ಸಮಾಧಾನವಾಯಿತು. ಬೆಳಗಿನ ಜಾವಕ್ಕೆ ಅಮ್ಮ ಮಂಪರಿನಲ್ಲಿದ್ದರು, ಕರೆದರೆ ಓಗೊಡಲಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿತ್ತು. ಇಂಥ ರೋಗಿಗಳಲ್ಲಿ ಮಿತಿಮೀರಿದ ಆಮ್ಲಜನಕದಿಂದ ಹಾಗಾಗಬಹುದು. ಅವರಿಗೆ 88ರಿಂದ 92 ಸಾಕು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ನಲ್ಲಿ ಬಂದ ಇಂಥ ರೋಗಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಆಮ್ಲಜನಕ ಪಡೆದವರಿಗೆ ಹೋಲಿಸಿದರೆ ಅಳತೆಯಿಟ್ಟು ಪಡೆದವರಲ್ಲಿ ಸಾವು ಅರ್ಧಕ್ಕಿಂತ ಕಡಿಮೆಯಾಗಿತ್ತು. ನಾನು ಕೈಮುಗಿದು ಕೇಳಿದ್ದು ಅದಕ್ಕೆ ತದ್ವಿರುದ್ಧವಾದುದನ್ನು. ಮುಖಕ್ಕೆ ಬಿಗಿಯುವ ಬೈಪ್ಯಾಪ್ ಯಂತ್ರ ಎರಡು ದಿನ ಅಮ್ಮನಿಗೆ ಉಸಿರು ನೂಕಿಕೊಟ್ಟಿತು.

ಸಿಒಪಿಡಿ ಇದ್ದರೆ ನ್ಯುಮೋನಿಯಾದಲ್ಲಿ ಸಾವು ಹೆಚ್ಚೇ? ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. ಟೆಕ್ಸಾಸ್‌ನ ಆಸ್ಪತ್ರೆಗಳಿಂದ 2006ರಲ್ಲಿ ಬಂದ ವರದಿ 30 ಮತ್ತು 90 ದಿನಗಳ ಸಾವು ಹೆಚ್ಚೆಂದಿತು. ವ್ಯತ್ಯಾಸ ಕಾಣದ ಅಧ್ಯಯನಗಳೂ ಇವೆ. ನನಗೆ ತೋರುವುದಿಷ್ಟು: ಕಾಯಿಲೆ ಗೊತ್ತಿದ್ದು ಇನ್‌ಹೇಲರ್ ಬಳಸುತ್ತ ಬೇಗ ಆಸ್ಪತ್ರೆಗೆ ಬರುವವರೂ, ಕಾಯಿಲೆಯ ಹೆಸರೇ ಕೇಳದ ನನ್ನ ಅಮ್ಮನಂಥವರೂ ಒಂದೇ ಗುಂಪಿನವರಲ್ಲ.

ಹನ್ನೊಂದನೆಯ ದಿನ ಅಮ್ಮ ಮನೆಗೆ ಬಂದರು. ಆಮೇಲೆ ಉಸಿರಿನ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿದೆವು. ಒಂದು ಕೊಳವೆಗೆ ಜೋರಾಗಿ ಊದುವುದು, ಅಷ್ಟೇ. ಹತ್ತು ವರ್ಷ ಮೊದಲೇ ಮಾಡಿಸಬಹುದಿತ್ತು. ನ್ಯುಮೋನಿಯಾ ತಡೆಯಲು ನೆರವಾಗುವ ನ್ಯುಮೋಕಾಕಲ್ ಲಸಿಕೆ ಮತ್ತು ಫ್ಲೂ ಲಸಿಕೆ ಹಾಕಿಸಿದೆವು. ಗ್ಯಾಸ್ ಒಲೆ ಇದ್ದರೂ ಹಿತ್ತಲಿನಲ್ಲಿ ನೀರು ಕಾಯಿಸುತ್ತಿದ್ದ ಸೌದೆ ಒಲೆಯನ್ನು ಕಿತ್ತುಹಾಕಿದೆ.

ನಮ್ಮ ಜಿಲ್ಲೆಯ ಕಲ್ಲುಕ್ವಾರಿಗಳಲ್ಲಿ ದುಡಿದವರು, ಚರಕದ ಮುಂದೆ ಕುಳಿತವರು, ಹಿಂದೆ ಕ್ಷಯವಾಗಿ ವಾಸಿಯಾದವರು ನಿಮ್ಮ ಮನೆಯಲ್ಲಿದ್ದರೆ, ಆಸ್ಪತ್ರೆಯಲ್ಲಿ ಬೀಡಿಯ ಪ್ರಶ್ನೆಗೆ "ಇಲ್ಲ" ಎಂದು ಸುಮ್ಮನಾಗಬೇಡಿ. ಏನು ಕೆಲಸ, ಎಷ್ಟು ವರ್ಷ, ದಮ್ಮು ಯಾವಾಗಿನಿಂದ ಎಂದು ಹೇಳಿ. ಅಮ್ಮನ ಅಡಿಕೆ ಚೀಲದಲ್ಲಿ ಈಗ ಒಂದು ಚೀಟಿ ಇದೆ. ಕಾಯಿಲೆಯ ಹೆಸರು, ಇನ್‌ಹೇಲರ್ ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ "ಆಮ್ಲಜನಕ 88–92" ಎಂದು ಬರೆದಿದ್ದೇನೆ.