ಜಗಲಿಯಲ್ಲಿ ಕನ್ನಡ, ಹಟ್ಟಿಯಲ್ಲಿ ಮಲಯಾಳ

ಆಪ್ ತಯಾರಿಸುವವರಿಗೆಲ್ಲ ನನ್ನದೊಂದು ಬಿಟ್ಟಿ ಸಲಹೆ ಇದೆ. ಬಿಡುಗಡೆಗೆ ಮೊದಲು ಅದನ್ನು ಮಂಜೇಶ್ವರದ ಆಸುಪಾಸಿನ ಯಾವುದಾದರೂ ಅಡಿಕೆ ತೋಟದ ಮನೆಗೆ ಕಳುಹಿಸಿ. ಪೇಟೆಯ ಎಸಿ ಕೋಣೆಯಲ್ಲಿ ತಿಂಗಳುಗಟ್ಟಲೆ ತಡಕಿದರೂ ಸಿಗದ ತಪ್ಪುಗಳು ಇಲ್ಲಿ ತಾವಾಗಿಯೇ ಬಂದು ಜಗಲಿಯಲ್ಲಿ ಕೂರುತ್ತವೆ. ನಮಗೆ ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪಂಚಾಯತಿನಲ್ಲಿ ಮಲಯಾಳ, ಬ್ಯಾಂಕಿನ ಫಾರ್ಮಿನಲ್ಲಿ ಇಂಗ್ಲಿಷ್. 1956ರಲ್ಲಿ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದರು. ಆದರೆ ಮೊಬೈಲ್ ಟವರುಗಳಿಗೆ ಆ ಗೆರೆ ಎಲ್ಲಿದೆ ಅಂತ ಯಾರೂ ಹೇಳಿದ ಹಾಗೆ ಕಾಣುವುದಿಲ್ಲ.

ನಾನು ಪರೀಕ್ಷೆ ಮಾಡುವುದು ಮನೆಯ ಜಮಾಖರ್ಚು ಬರೆದಿಡುವ ಒಂದು ಆಪನ್ನು. ನಾಲ್ಕಾರು ಹುಡುಗರು ಬಿಡುವಿನ ವೇಳೆಯಲ್ಲಿ ಮಾಡಿದ್ದು. ಅವರು ಕಳುಹಿಸುವ ಅರೆಬೆಂದ ಬೀಟಾ ಆವೃತ್ತಿಯನ್ನು ಫೋನಿಗೆ ಹಾಕಿಕೊಂಡು ಬಳಸಬೇಕು. ತಪ್ಪು ಕಂಡರೆ ಬಗ್ ರಿಪೋರ್ಟ್ ಬರೆಯಬೇಕು. ಅಪ್ಪ ಎಲ್ಲ ಕೇಳಿಸಿಕೊಂಡು, "ಸಂಬಳ ಎಷ್ಟು?" ಅಂದರು. ಇಲ್ಲ ಅಂದೆ. "ಅಂದರೆ, ತಪ್ಪು ಮಾಡುವುದು ಅವರು, ಹುಡುಕುವುದು ನೀನು, ಕರೆಂಟು ಬಿಲ್ಲು ನನಗೆ" ಎಂದು ಪೇಪರ್ ಮಗುಚಿದರು.

ಬಗ್ ರಿಪೋರ್ಟಿಗೂ ಒಂದು ಕ್ರಮ ಉಂಟು. ಫೋನ್ ಯಾವುದು, ಆವೃತ್ತಿ ಎಷ್ಟನೆಯದು, ಏನೇನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು. ಅದೇ ಹೆಜ್ಜೆಗಳಲ್ಲಿ ನಡೆದರೆ ಇನ್ನೊಬ್ಬರಿಗೂ ಅದೇ ತಪ್ಪು ಸಿಗಬೇಕು. ಸುಮ್ನೆ "ಆಪ್ ಸರಿ ಇಲ್ಲ" ಅಂತ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಅಮ್ಮನ ದೂರುಗಳೆಲ್ಲ ಈ ಜಾತಿಯವು. "ಇದಕ್ಕೆ ಎಂತದೋ ಆಗಿದೆ, ನೋಡು." ನಾನು ನೋಡುವಾಗ ಏನೂ ಆಗಿರುವುದಿಲ್ಲ.

ಆದರೆ ನಮ್ಮ ಮನೆಯ ಅತಿ ದೊಡ್ಡ ಬಗ್ ಹಿಡಿದದ್ದು ಅಮ್ಮನೇ. "ಹಟ್ಟಿಗೆ ಹೋದರೆ ಇದು ಮಲಯಾಳ ಆಗ್ತದೆ ಮಾರಾಯ" ಅಂದರು. ಹಾಲಿನ ಲೆಕ್ಕ ಬರೆಯುವುದು ಅಮ್ಮ, ಬರೆಯುವುದು ದನ ಕಟ್ಟುವ ಹಟ್ಟಿಯಲ್ಲೇ. ಫೋನ್ ಹಿಡಿದು ಅವರ ಹಿಂದೆಯೇ ನಡೆದೆ, ಅಲ್ಲಲ್ಲಿ ಆಪ್ ಮುಚ್ಚಿ ತೆರೆಯುತ್ತಾ. ಜಗಲಿಯಲ್ಲಿ 'ಖರ್ಚು'. ಅಂಗಳದಲ್ಲಿ 'ಖರ್ಚು'. ಬಾವಿಕಟ್ಟೆಯ ಹತ್ತಿರವೂ 'ಖರ್ಚು'. ತಲೆ ತಗ್ಗಿಸಿ ಹಟ್ಟಿಯೊಳಗೆ ಕಾಲಿಟ್ಟು ತೆರೆದದ್ದೇ ತಡ, 'ಚೆಲವ್'! ದನ ಒಮ್ಮೆ ನನ್ನನ್ನೂ ಒಮ್ಮೆ ಫೋನನ್ನೂ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಪರದೆಯ ಮೂಲೆಯಲ್ಲಿ ನೆಟ್‌ವರ್ಕಿನ ಹೆಸರು ಬದಲಾದದ್ದು ಕಂಡಾಗ ಗುಟ್ಟು ಗೊತ್ತಾಯಿತು. ನಮ್ಮ ಜಗಲಿಗೆ ಸಿಗುವುದು ತಲಪಾಡಿಯ ಆಚೆ ಇರುವ ಕರ್ನಾಟಕದ ಟವರ್. ಹಿತ್ತಿಲ ಹಟ್ಟಿಗೆ ಕೇರಳದ್ದು. ಪ್ರತಿ ಮೊಬೈಲ್ ಜಾಲಕ್ಕೂ ಒಂದು ಗುರುತಿನ ಅಂಕೆ ಇರುತ್ತದೆ. ನಮ್ಮ ದೇಶದ ಜಾಲಗಳದ್ದು 404 ಅಥವಾ 405ರಿಂದ ಶುರು. ಇಂಟರ್ನೆಟ್ಟಿನಲ್ಲಿ 404 ಅಂದರೆ ಹುಡುಕಿದ್ದು ಸಿಗಲಿಲ್ಲ ಅಂತ ಅರ್ಥ. ಈ ಅಂಕೆ ಕೊಟ್ಟವರು ನಮ್ಮ ಸಿಗ್ನಲ್ಲನ್ನು ಮೊದಲೇ ಬಲ್ಲವರಿರಬೇಕು. ಅದರ ಮುಂದಿನ ಅಂಕೆಗಳಿಂದ ಕಂಪೆನಿ ಯಾವುದು, ವಲಯ ಯಾವುದು ಅಂತ ತಿಳಿಯುತ್ತದೆ. ತೆರೆದಾಗಲೆಲ್ಲ ಆಪ್ ಈ ಅಂಕೆ ನೋಡುತ್ತಿತ್ತು. ಕೇರಳ ಕಂಡರೆ ಮಲಯಾಳ, ಕರ್ನಾಟಕ ಕಂಡರೆ ಕನ್ನಡ. ಕೇರಳದಲ್ಲೂ ಕನ್ನಡ ಮಾತಾಡುವವರು ಇರಬಹುದು ಅಂತ ಅದಕ್ಕೆ ಯಾರೂ ಕಲಿಸಿರಲಿಲ್ಲ.

ರಿಪೋರ್ಟ್ ಬರೆದೆ. ಹೆಜ್ಜೆ 1: ಜಗಲಿಯಲ್ಲಿ ಆಪ್ ತೆರೆಯಿರಿ. ಹೆಜ್ಜೆ 2: ಮುಚ್ಚಿ, ಹಟ್ಟಿಗೆ ನಡೆಯಿರಿ. ಹೆಜ್ಜೆ 3: ದನದ ಬಲಕ್ಕೆ ನಿಂತು ಮತ್ತೆ ತೆರೆಯಿರಿ. ಮರುದಿನ ಉತ್ತರ ಬಂತು: "ನಮ್ಮಲ್ಲಿ ಸರಿಯಾಗಿದೆ." ಹಟ್ಟಿಯೇ ಇಲ್ಲದವರಲ್ಲಿ ಸರಿಯಾಗಿರದೆ ಇನ್ನೇನು? ವೀಡಿಯೊ ಮಾಡಿ ಕಳುಹಿಸಿ ಅಂದರು. ಆಟಿ ತಿಂಗಳ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಅದನ್ನೂ ಮಾಡಿದೆ. ನೋಡಿದ ಮೇಲೆ ಡೆವಲಪರ್ ಮೊದಲು ಕೇಳಿದ್ದು, ಹಿಂದೆ ಬೈಯುತ್ತಿರುವುದು ಯಾರು ಅಂತ.

ಇನ್ನೊಮ್ಮೆ, ದೊಡ್ಡ ಮೊತ್ತಗಳಲ್ಲಿ ಅಲ್ಪವಿರಾಮ ಸರಿಯಾಗಿ ಬೀಳುತ್ತದಾ ನೋಡಿ ಅಂದರು. ಮನೆಯ ನಿಜ ಲೆಕ್ಕದ ಸ್ಕ್ರೀನ್‌ಶಾಟ್ ಊರಿಗೆಲ್ಲ ತೋರಿಸುವುದು ಬೇಡ ಅಂತ ಸುಳ್ಳು ಲೆಕ್ಕ ತುಂಬಿಸಿದೆ. ಅಡಿಕೆ ಮಾರಿದ್ದು: 1,25,00,000. ಒತ್ತಿದರೆ 12,500,000 ಅಂತ ತೋರಿಸಿತು. ತಪ್ಪು ಸಿಕ್ಕಿದ ಖುಷಿಯಲ್ಲಿ ಫೋನನ್ನು ಜಗಲಿಯಲ್ಲಿಟ್ಟು ಚಹಾ ತರಲು ಒಳಗೆ ಹೋದೆ. ಬರುವಾಗ ಚಿಕ್ಕಪ್ಪ ಪರದೆಯ ಮೇಲೆ ಬೆರಳಿಟ್ಟು ಸೊನ್ನೆ ಎಣಿಸುತ್ತಿದ್ದರು. ಆ ಅಲ್ಪವಿರಾಮಗಳ ದೆಸೆಯಿಂದ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ರಿಪೋರ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

"ಈ ಸಲ ಅಡಿಕೆಗೆ ರೇಟು ಒಳ್ಳೆದಿತ್ತು ಅಲ್ವಾ?" ಅಂದರು ಮೆಲ್ಲಗೆ.

"ಅದು ಸುಳ್ಳು ಲೆಕ್ಕ ಚಿಕ್ಕಪ್ಪ, ಪರೀಕ್ಷೆಗೆ ಬರೆದದ್ದು."

"ಹೌದೌದು. ಇನ್‌ಕಮ್ ಟ್ಯಾಕ್ಸಿನವರು ಬಂದರೂ ಹಾಗೆಯೇ ಹೇಳು."

ಸಂಜೆ ಅವರು ಅಪ್ಪನ ಹತ್ತಿರ ಕೈಗಡ ಕೇಳಿದರು. ಅಪ್ಪ ಕೊಡಲಿಲ್ಲ. ಚಿಕ್ಕಪ್ಪ ಈಗಲೂ ನಮ್ಮನ್ನು ಕೋಟ್ಯಧಿಪತಿ ಜುಗ್ಗರು ಅಂತಲೇ ನಂಬಿದ್ದಾರೆ.

ಅಪ್ಪನೂ ಕಷ್ಟಪಟ್ಟರು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಸರಿಯಾಗಿ ಇಟ್ಟಿದ್ದರಿಂದ ನಮ್ಮ ಒತ್ತಕ್ಷರಗಳೆಲ್ಲ ಅಡಿಯಲ್ಲಿ ಕತ್ತರಿಸಿ ಹೋಗುತ್ತಿದ್ದವು. ಬೆಲ್ಲ 'ಬೆಲ' ಆಯಿತು, ಗೊಬ್ಬರ 'ಗೊಬರ' ಆಯಿತು. ಕೊಳೆರೋಗಕ್ಕೆ ಮದ್ದು ಬಿಡುವ ಸಮಯ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ ಅಂತ ಅಪ್ಪ ಬರೆದಿಟ್ಟಿದ್ದರು. ಪಟ್ಟಿ ತೆರೆದರೆ 'ಮೈಲುತುತು', 'ಸುಣ'. ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು, ಕೊನೆಗೆ ಕಣ್ಣಿನ ಡಾಕ್ಟರ ನಂಬರ್ ಕೇಳಿದರು.

ಹೆಸರಿನ ಕತೆ ಚಿಕ್ಕದು. ಇಲ್ಲಿ ಇನಿಶಿಯಲ್ ಬರುವುದು ಹೆಸರಾದ ಮೇಲೆ. ಆಪಿಗೆ ಮಾತ್ರ ಕೊನೆಯ ಹೆಸರಿಗೆ ಎರಡಕ್ಷರವಾದರೂ ಬೇಕಂತೆ. ನನ್ನದು ಬರೀ 'ಕೆ'. ಹಾಗಾಗಿ ಅಲ್ಲಿ ನಾನು 'ಕೆಕೆ'.

ಹಟ್ಟಿಯ ರಿಪೋರ್ಟ್ ಕಡೆಗೆ ಏನಾಯಿತು ಗೊತ್ತಾ? 'ಇದು ಈಗಾಗಲೇ ಬಂದ ದೂರು' ಅಂತ ಮುಚ್ಚಿದರು. ಮೊದಲು ಬರೆದವರು ತಾಳವಾಡಿಯವರು. ಈರೋಡು ಜಿಲ್ಲೆಯಲ್ಲಿದ್ದುಕೊಂಡು ಕನ್ನಡ ಮಾತಾಡುವ ಊರು. ಅವರ ಆಪ್ ಗದ್ದೆಯಲ್ಲಿ ಕನ್ನಡ, ಮನೆಯಲ್ಲಿ ತಮಿಳು. ಅವರ ರಿಪೋರ್ಟಿನಲ್ಲಿ ದನ ಇರಲಿಲ್ಲ, ಬೈಗಳೂ ಇರಲಿಲ್ಲ. ಜಾಲದ ಅಂಕೆಗಳನ್ನು ಅಚ್ಚುಕಟ್ಟಾಗಿ ಬರೆದಿದ್ದರು. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ?

ಹೊಸ ಆವೃತ್ತಿ ಮೊದಲ ಸಲ ತೆರೆದಾಗಲೇ ಯಾವ ಭಾಷೆ ಬೇಕು ಅಂತ ಕೇಳುತ್ತದೆ. ಆಮೇಲೆ ಟವರ್ ಯಾವುದಾದರೂ ಭಾಷೆ ಬದಲಾಗುವುದಿಲ್ಲ. ನಾನು ಕನ್ನಡ ಆರಿಸಿದೆ, ಅಪ್ಪನೂ ಕನ್ನಡ. ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣರಾದ ಅಮ್ಮ ಮಾತ್ರ ಮಲಯಾಳ ಒತ್ತಿದರು. ಬಸ್ಸಿನ ಬೋರ್ಡು ಓದಿ ಓದಿ ಮಲಯಾಳ ಕಲಿತವರು ಅವರು. ಹಾಲಿನ ಲೆಕ್ಕವನ್ನೂ ಈಗ ಅದರಲ್ಲೇ ಬರೆಯುತ್ತಾರೆ. ಯಾಕಮ್ಮ ಅಂತ ಕೇಳಿದೆ.

"ನಿನ್ನ ಅಪ್ಪನಿಗೆ ಮಲಯಾಳ ಓದ್ಲಿಕ್ಕೆ ಬರುವುದಿಲ್ಲ ಅಲ್ವಾ?"