ಪಾಸ್‌ವರ್ಡ್ ವರಾಂಡದಲ್ಲಿದೆ, ನೋಡಿಕೊಳ್ಳಿ

ಕಾಫಿಗೆ ರೇಟು ಬಂದ ಮೇಲೆ ಕೊಡಗಿನ ತೋಟಗಳಲ್ಲಿ ಕಾವಲೂ ಜೋರಾಗಿದೆ. ಗೇಟಿಗೆ ಬೀಗ, ಬೇಲಿಗೆ ಸೋಲಾರ್, ಅಂಗಳದಲ್ಲಿ ನಾಯಿ, ಗೋಡೆಯಲ್ಲಿ ಕೋವಿ, ಕಾಫಿ ಒಣಗಿಸುವ ಕಣದ ಮೂಲೆಮೂಲೆಗೂ ಕ್ಯಾಮೆರಾ. ಇಷ್ಟನ್ನೂ ದಾಟಿ ಹೋಂಸ್ಟೇ ವರಾಂಡಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಲ್ಯಾಮಿನೇಷನ್ ಮಾಡಿಸಿ ಅಂಟಿಸಿದ ಹಾಳೆ: 'ವೈಫೈ ಪಾಸ್‌ವರ್ಡ್ ಕೂರ್ಗ್123'. ಪಕ್ಕದ ಹೋಂಸ್ಟೇಯದು ಕಾಫಿ123. ಅದರಾಚೆಯವರದು 12345678. ರೌಟರ್ ಕನಿಷ್ಠ ಎಂಟು ಅಕ್ಷರ ಬೇಕೆಂದಿತು, ಸಾಹುಕಾರರು ಎಂಟರ ತನಕ ಎಣಿಸಿ ಕೊಟ್ಟರು. 63ರವರೆಗೂ ಅವಕಾಶವಿದೆ, ಆದರೆ ಅಷ್ಟು ದೂರ ಎಣಿಸಲು ಯಾರಿಗೆ ಪುರುಸೊತ್ತು?

ಬಂದವರ ಆಧಾರ್ ಮಾತ್ರ ಎರಡೂ ಬದಿ ಬೇಕು. ಸುರಕ್ಷತೆ ನೋಡಿ!

ನೆಟ್ ಹಾಕಲು ಬಂದ ಹುಡುಗನಿಗೂ ಸಾಹುಕಾರರಿಗೂ ನಡೆಯುವ ಮಾತುಕತೆ ವಿರಾಜಪೇಟೆಯಿಂದ ಸೋಮವಾರಪೇಟೆವರೆಗೆ ಒಂದೇ.

'ಸೆಕ್ಯುರಿಟಿ ಯಾವುದು ಹಾಕ್ಲಿ ಸಾಹುಕಾರ್ರೇ?'

'ಹಳೇ ಫೋನಿಗೂ ಸಿಗೋ ಹಾಗೆ ಹಾಕು ಮಾರಾಯ.'

ಈ ಒಂದು ಮಾತಿನ ಬಲದಿಂದಲೇ ಡಬ್ಲ್ಯೂಇಪಿ ಎಂಬ 1997ರ ಬೀಗ ಕೆಲವು ರೌಟರುಗಳ ಪಟ್ಟಿಯಲ್ಲಿ ಬಹುಕಾಲ ಕುರ್ಚಿ ಬಿಡದೆ ಕೂತಿತ್ತು. 2001ರಲ್ಲೇ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಗೂಢಲಿಪಿ ತಜ್ಞರು ಅದರ ಹುಳುಕನ್ನು ಬಯಲಿಗಿಟ್ಟರು. 2007ರ ಹೊತ್ತಿಗೆ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು ಒಂದು ನಿಮಿಷದೊಳಗೆ ಅದನ್ನು ತೆರೆದು ತೋರಿಸಿದರು. ನಮ್ಮಲ್ಲಿ ಒಂದು ಲೋಟ ಕಾಫಿ ಆರುವುದಕ್ಕೂ ಅದಕ್ಕಿಂತ ಹೊತ್ತು ಬೇಕು. ಅದಕ್ಕಿಂತ ಗಟ್ಟಿ ಬೀಗಗಳಾಗಿ 2004ರಲ್ಲಿ ಡಬ್ಲ್ಯೂಪಿಎ2 ಬಂತು, 2018ರಲ್ಲಿ ಡಬ್ಲ್ಯೂಪಿಎ3. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ವರಾಂಡದ ಹಾಳೆಗೆ ನೇರ ಸಂಬಂಧಪಟ್ಟದ್ದು. ಡಬ್ಲ್ಯೂಪಿಎ2ರಲ್ಲಿ ಪಾಸ್‌ವರ್ಡ್ ಗೊತ್ತಿದ್ದವನು, ಪಕ್ಕದ ಕೋಣೆಯವರ ಫೋನು ನೆಟ್‌ವರ್ಕಿಗೆ ಸೇರುವ ಕ್ಷಣವನ್ನು ಹಿಡಿದಿಟ್ಟುಕೊಂಡರೆ, ಅವರ ವೈಫೈ ಗೂಢಲಿಪಿ ಬಿಡಿಸಬಲ್ಲ. ಬ್ಯಾಂಕಿನ ಆ್ಯಪ್ ತನ್ನದೇ ಬೀಗ ಹಾಕಿಕೊಂಡು ಓಡಾಡುತ್ತದೆ, ಅದು ಅದರ ಪುಣ್ಯ. ಡಬ್ಲ್ಯೂಪಿಎ3ರಲ್ಲಿ ಪಾಸ್‌ವರ್ಡ್ ಗೊತ್ತಿದ್ದ ಮಾತ್ರಕ್ಕೆ ಈ ಆಟ ನಡೆಯುವುದಿಲ್ಲ. ಆದರೆ ಅದನ್ನು ಹಾಕಿದರೆ ಅತ್ತೆಯವರ ಹಳೇ ಫೋನಿಗೆ ಸೀರಿಯಲ್ ಬರುವುದಿಲ್ಲವಲ್ಲ.

ಹುಡುಗ ಹೋಗುವಾಗ ಡಬ್ಲ್ಯೂಪಿಎಸ್ ಗುಂಡಿಯನ್ನೂ ಚಾಲೂ ಇಟ್ಟು ಹೋಗುತ್ತಾನೆ. 'ಒತ್ತಿದ್ರೆ ಸಾಕು, ಪಾಸ್‌ವರ್ಡೇ ಬೇಡ.' ಸೇವೆ ಎಂದರೆ ಇದು. ಅದರ ಜೊತೆಗೆ ಎಂಟಂಕಿಯ ಒಂದು ಪಿನ್ನೂ ಇರುತ್ತದೆ, ರೌಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಕೊನೆಯ ಅಂಕಿಯಂತೂ ಉಳಿದ ಏಳರಿಂದಲೇ ಲೆಕ್ಕಕ್ಕೆ ಸಿಗುತ್ತದೆ. ಹಾಗಾಗಿ ಹತ್ತು ಕೋಟಿ ಸಲ ಊಹಿಸಬೇಕಾದಲ್ಲಿ ಹೆಚ್ಚೆಂದರೆ 11,000 ಸಲ ಊಹಿಸಿದರಾಯಿತು ಎಂಬುದು 2011ರಲ್ಲೇ ಹೊರಬಿದ್ದ ಸಂಗತಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟದ್ದು ಸರ್ಕಾರ. ಪಾಸ್‌ವರ್ಡಿನಿಂದ ವಿನಾಯಿತಿಯನ್ನು ಜಿಲ್ಲೆಯವರೆಲ್ಲ ಜಾತಿಭೇದವಿಲ್ಲದೆ ತಾವೇ ಮಂಜೂರು ಮಾಡಿಕೊಂಡಿದ್ದೇವೆ.

ಇನ್ನು ಕಣದ ಕ್ಯಾಮೆರಾ. ಅದೂ ಇದೇ ವೈಫೈಯಲ್ಲಿ. ಅದರ ಯೂಸರ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಕಾರ್ಖಾನೆಯವರು ಇಟ್ಟ ಹೆಸರನ್ನು ನಾವು ಬದಲಿಸುವುದು ಮರ್ಯಾದೆಯಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಇಂಥ ಮರ್ಯಾದಸ್ಥ ಕ್ಯಾಮೆರಾ, ರೆಕಾರ್ಡರುಗಳನ್ನೇ ಒಟ್ಟುಗೂಡಿಸಿ ದೊಡ್ಡ ದೊಡ್ಡ ಜಾಲತಾಣಗಳನ್ನು ಮಲಗಿಸಿತ್ತು. ನಮ್ಮ ಕ್ಯಾಮೆರಾಕ್ಕೆ ಅಷ್ಟು ದೂರದ ಮಹತ್ವಾಕಾಂಕ್ಷೆ ಬೇಕಿಲ್ಲ. ಕಣದಲ್ಲಿ ಎಷ್ಟು ಚೀಲ ಚೆರ್ರಿ ಹರಡಿದೆ, ತೋಟದ ಲೆಕ್ಕ ಬರೆಯುವ ರೈಟರ್ ಎಷ್ಟು ಹೊತ್ತಿಗೆ ಊಟಕ್ಕೆ ಹೋಗುತ್ತಾನೆ, ನಾಯಿ ಯಾವ ಮೂಲೆಯಲ್ಲಿ ಮಲಗುತ್ತದೆ, ಇಷ್ಟನ್ನು ಎರಡನೇ ಕೋಣೆಯ ಅತಿಥಿಗೆ ಮಂಚದಲ್ಲೇ ತೋರಿಸಿದರೆ ಸಾಕು. ಕಾಫಿ ಕಳುವಾದರೆ ಸಾಹುಕಾರರ ಉತ್ತರ ತಯಾರಿದೆ: ಇನ್ನೂ ಎರಡು ಕ್ಯಾಮೆರಾ.

'ಗೆಸ್ಟ್ ನೆಟ್‌ವರ್ಕ್ ಅಂತ ಬೇರೆ ಮಾಡಬಹುದು' ಎಂದರೆ ಅವರಿಗೆ ಬೇಸರವಾಗುತ್ತದೆ. ಮನೆಗೆ ಬಂದವರನ್ನು ಬೇರೆ ಕೂರಿಸುವುದೇ? ಬದಲಿಗೆ ನೆಟ್‌ವರ್ಕಿನ ಹೆಸರನ್ನೇ ಅಡಗಿಸಿಡುತ್ತಾರೆ. ಹುಡುಕಲು ಗೊತ್ತಿದ್ದವರಿಗೆ ಅದು ಆಗಲೂ ಸಿಗುತ್ತದೆ, ಸಿಗದೆ ಒದ್ದಾಡುವವರು ಅತ್ತೆ ಮಾತ್ರ.

ಹಾಗೆಂದು ಕೊಡಗಿನಲ್ಲಿ ಭೇದಿಸಲಾಗದ ವೈಫೈ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಜುಲೈಯ ಮಳೆಗೆ ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬಿದ್ದು, ಲೈನ್‌ಮನ್ 'ನಾಳೆ ನೋಡುವಾ' ಎಂದ ಮೇಲೆ, ಇನ್ವರ್ಟರೂ ಕಣ್ಣುಮುಚ್ಚಿದ ಮೇಲೆ, ಯಾವ ದೇಶದ ಹ್ಯಾಕರ್ ಬಂದರೂ ಅದರ ಕೂದಲು ಕೊಂಕಿಸಲಾರ.