ನಿಂತುಕೊಂಡು ತಿಂದ ಲೆಕ್ಕ

ಎಳ್ಳ ಅಮಾವಾಸ್ಯೆ ದಿನ ಹೊಲದಲ್ಲಿ ಒಂದೇ ಒಂದು ಸಜ್ಜೆ ರೊಟ್ಟಿ ತಿಂದೆ. ಹೋಳಿಗೆ ಮುಟ್ಟಲಿಲ್ಲ, ಕಡಬು ಮುಟ್ಟಲಿಲ್ಲ. ಬಾಗೇವಾಡಿ ಕಡೆಯ ನಮ್ಮ ಹೊಲದಲ್ಲಿ ಬಿಳಿಜೋಳ ಆಳೆತ್ತರ ನಿಂತಿತ್ತು. ಚರಗ ಚೆಲ್ಲಿ ಬಂದವರೆಲ್ಲ ಬನ್ನಿಗಿಡದ ಕೆಳಗೆ ಸಾಲಾಗಿ ಕೂತು ಉಣ್ಣುತ್ತಿದ್ದರು. ನಾನು ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆಯಲ್ಲಿ ಮುಗಿಸಿ ಎದ್ದೆ. "ಯಾಕವಾ, ಆರಾಮ ಇಲ್ಲೇನು?" ಅಂದರು ಅತ್ತೆ. ಡಯಟ್ ಅನ್ನೋಕೆ ನಾಚಿಕೆ ಆಯ್ತು. ಹೊಟ್ಟೆ ಸರಿ ಇಲ್ಲ ಅಂದೆ.

ಅದೇ ರಾತ್ರಿ 11 ಗಂಟೆಗೆ ಅಡುಗೆಮನೆಯಲ್ಲಿ ದೀಪ ಹಾಕದೆ, ನಿಂತುಕೊಂಡೇ ಮೂರು ಶೇಂಗಾ ಹೋಳಿಗೆ ತಿಂದೆ. ತುಪ್ಪ ಇಲ್ಲದೆ. ತುಪ್ಪದ ಡಬ್ಬಿಯ ಮುಚ್ಚಳ ಸಪ್ಪಳ ಮಾಡುತ್ತೆ.

ಅಷ್ಟು ಹೊತ್ತಿನ ತನಕ ಎದ್ದಿದ್ದು ಕಾದಂಬರಿ ತಿದ್ದೋಕೆ. ನನ್ನ ಹಸ್ತಪ್ರತಿ 416 ಪುಟ. 16 ಪುಟಕ್ಕೊಂದು ಫಾರಂ, ಅಂದರೆ 26 ಫಾರಂ. ಬೆಂಗಳೂರಿನ ಪ್ರಕಾಶಕರು 20 ಫಾರಂಗೆ ಇಳಿಸಿ ಅಂದಿದ್ದರು. ಅದೇ ವಾರ ವಿಜಯಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೆ, ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅಲ್ಲೂ ಇಳಿಸಿ, ಇಲ್ಲೂ ಇಳಿಸಿ. ಗೆಳತಿಯರಿಗೆ ಹೇಳಿದರೆ ನಗು. "ಎರಡೂ ಒಂದೇ ಬಿಡು, ಬೊಜ್ಜು ತೆಗಿ" ಅಂದರು.

ನಾನೂ ಹಾಗೇ ನಂಬಿ, ಎದ್ದು ಕಾಣೋದನ್ನೇ ಮೊದಲು ಕತ್ತರಿಸಿದೆ. ಹೊಲದಲ್ಲಿ ಹೋಳಿಗೆ, ಕಾದಂಬರಿಯಲ್ಲಿ ಚರಗದ ಅಧ್ಯಾಯ. 22 ಪುಟ. ಅದರ ಪಕ್ಕದಲ್ಲಿ ಸಂಪಾದಕರು "ಕಥೆ ಮುಂದೆ ಹೋಗುತ್ತಿಲ್ಲ" ಅಂತ ಬರೆದಿದ್ದರು. ನಿಜ, ಹೋಗಲ್ಲ. ಇಬ್ಬರು ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು ಒಂದು ಹೊಲದಲ್ಲಿ ಕೂತು ಉಣ್ಣುತ್ತಾರೆ, ಅಷ್ಟೇ. ಅದನ್ನು ತೆಗೆದು ಮುಂದೆ ಓದಿದೆ. ಅದೇ ಹೊಲದ ನಡುವೆ ಬದು ಹಾಕಿ ಪಾಲಾಗುವ ಭಾಗ ಬಂತು. ತಹಶೀಲ್ದಾರ್ ಕಚೇರಿಯ ಅರ್ಜಿ ಓದಿದಂಗಾಯ್ತು. ಅವರು ಅಲ್ಲಿ ಕೂಡಿ ಉಂಡಿದ್ದನ್ನು ಓದುಗ ನೋಡಿಯೇ ಇಲ್ಲವಲ್ಲ, ಪಾಲಾದರೆ ಅವನಿಗೇನು?

ಡಾಕ್ಟರು ಹೇಳಿದ್ದು ಆಗ ನೆನಪಾಯ್ತು. ಪರೀಕ್ಷೆಗೆ ಎರಡು ದಿನ ಮುಂಚೆ ಉಪವಾಸ ಇದ್ದೆ ಅಂತ ಬಡಾಯಿ ಕೊಚ್ಚಿಕೊಂಡಿದ್ದೆ. ಅವರು ನಕ್ಕರು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ, ಸಕ್ಕರೆ ಅದಕ್ಕೆ ಅಂಟಿಕೊಂಡಿರುತ್ತೆ, ಈ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಹೇಳುತ್ತೆ ಅಂದರು. "ಹಬ್ಬದ ಒಂದು ದಿನದ ಊಟ ಇದರಲ್ಲಿ ಲೆಕ್ಕಕ್ಕೇ ಬರಲ್ಲ ಮೇಡಂ. ದಿನಾ ಏನು ತಿಂತೀರಿ ಹೇಳಿ."

ದಿನಾ ಏನು? ಮುಂಜಾನೆ ಚಹಾ ಜೊತೆ ಎರಡು ಖಾರಿ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರದೋ ಡಬ್ಬಿಯಿಂದ ಒಂದು ಮುಷ್ಟಿ ಚುರುಮುರಿ ಚೂಡಾ. ಸಂಜೆ ಓಣಿ ತುದಿಯ ಮಿರ್ಚಿ ಭಜಿ, ಒಂದೇ ಅಂತ ಹೋಗಿ ಮೂರು. ಆಮೇಲೆ ಹಬ್ಬದ ಉಳಿಕೆ. ಬೇಳೆ ಹೋಳಿಗೆ ಪಾಪ ಎರಡು ದಿನಕ್ಕೆ ಹಳಸುತ್ತೆ. ಶೇಂಗಾ ಹೋಳಿಗೆ ಹಂಗಲ್ಲ, ಹದಿನೈದು ದಿನ ಡಬ್ಬಿಯಲ್ಲಿ ಕೂತು ಕರೀತಾ ಇರುತ್ತೆ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ, ಮೇಲೆ ಬೆಲ್ಲ. ಇದ್ಯಾವುದನ್ನೂ ನಾನು ಕೂತು ತಿಂದಿಲ್ಲ. ತಟ್ಟೆಗೆ ಬಾರದ್ದು ಲೆಕ್ಕಕ್ಕೂ ಬಂದಿರಲಿಲ್ಲ.

ಕಾದಂಬರಿಯನ್ನೂ ಅದೇ ಕಣ್ಣಲ್ಲಿ ನೋಡಿದೆ. ಕಂಪ್ಯೂಟರಿನಲ್ಲಿ ಹುಡುಕಿದರೆ "ನಿಟ್ಟುಸಿರು" 43 ಸಲ. "ಒಂದು ಕ್ಷಣ" 118 ಸಲ! ನನ್ನ ಪಾತ್ರಗಳಿಗೆ ಉಬ್ಬಸ ಇರಬೇಕು. ಅದಕ್ಕಿಂತ ಕೆಟ್ಟದ್ದು ವಿವರಣೆ. ಬುತ್ತಿ ಎಂದರೆ ಇದು, ಗುರೆಳ್ಳು ಎಂದರೆ ಇದು, ಬಾನ ಎಂದರೆ ಇದು ಅಂತ ಬೆಂಗಳೂರಿನ ಓದುಗರಿಗೆ ಹೆದರಿ ಪುಟಪುಟಕ್ಕೂ ಸೇರಿಸಿದ್ದೆ. ಮೈಸೂರು ಕಡೆಯ ಕಥೆಗಳಲ್ಲಿ ಹಿತಕಿದಬೇಳೆ ಬಂದಾಗ ನನಗ್ಯಾರೂ ಅರ್ಥ ಹೇಳಲಿಲ್ಲ. ನಾಲ್ಕು ಸಲ ಓದಿ ತಿಳಿದುಕೊಂಡೆ, ಬಾಯಲ್ಲಿ ನೀರೂ ಬಂತು. ನಮ್ಮ ಊಟಕ್ಕೆ ಮಾತ್ರ ಯಾಕೆ ಚೀಟಿ ಅಂಟಿಸಬೇಕು ಹೇಳಿ? ಎಲ್ಲಾ ಕಿತ್ತು ಹಾಕಿದೆ. ಕ್ಷಣ, ನಿಟ್ಟುಸಿರು, ವಿವರಣೆ, ಮಾತು ಮುಗಿದ ಮೇಲೂ ಪಾತ್ರಗಳು ಸುಮ್ನೆ ಯೋಚಿಸುತ್ತಾ ಕೂರುವ ಪ್ಯಾರಾಗಳು, ಎಲ್ಲಾ ಸೇರಿ ನಾಲ್ಕು ಫಾರಂ ಹೋಯ್ತು. ಚರಗದ ಅಧ್ಯಾಯ ವಾಪಸ್ ಬಂತು. 22 ಫಾರಂಗಿಂತ ಕೆಳಗೆ ಇಳಿಯಲ್ಲ ಅಂತ ಪ್ರಕಾಶಕರಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಸಂಕ್ರಮಣದ ದಿನ ಸಿದ್ಧೇಶ್ವರ ಜಾತ್ರೆ ನೋಡಿ ಬಂದು, ಎಲ್ಲರ ಜೊತೆ ನೆಲಕ್ಕೆ ಕೂತು ಮಾದಲಿ, ಎರಡು ಹೋಳಿಗೆ ತಿಂದೆ. ತುಪ್ಪ ಹಚ್ಚಿಕೊಂಡೇ. ಉಳಿದ ಡಬ್ಬಿಯನ್ನು ಅಟ್ಟದ ಮೇಲಿಡಿ ಅಂತ ಅತ್ತೆಗೆ ಹೇಳಿದೆ. ಖಾರಿ ತರೋದು ನಿಂತಿದೆ. ಭಜಿಯ ಬಗ್ಗೆ ಈಗಲೇ ಏನೂ ಹೇಳಲ್ಲ.

ಅತ್ತೆ ಡಬ್ಬಿ ಎತ್ತುತ್ತಾ ಮೆಲ್ಲಗೆ ಕೇಳಿದರು: "ಅಮಾಸಿ ರಾತ್ರಿ ಮೂರು ತಿಂದೆಲ್ಲಾ, ತುಪ್ಪ ಯಾಕ ಹಚಗೊಳ್ಳಲಿಲ್ಲವಾ?"